ತೆಂಗಿನ ಸೀಮೆಯ ಮೇಷ್ಟ್ರ ಕೈಗೆ ಹೊಸ ಸಾಧನ

ತಿಪಟೂರಿನ ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ಬೆಲೆ ಇ-ಟೆಂಡರ್‌ನಲ್ಲಿ ತೀರ್ಮಾನವಾಗುತ್ತದೆ. ಸ್ವಲ್ಪ ಹೊತ್ತಿಗೆಲ್ಲ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳ ಮೊಬೈಲುಗಳಲ್ಲಿ ಆ ದಿನದ ಧಾರಣೆ ಓಡಾಡುತ್ತಿರುತ್ತದೆ. ಹತ್ತು-ಹನ್ನೆರಡು ತಿಂಗಳು ಕಾಯಿಯನ್ನು ಅಟ್ಟದ ಮೇಲಿಟ್ಟು ಒಣಗಿಸಿದ ರೈತ, ಈಗಲೇ ಮಾರಬೇಕೋ ಇನ್ನೊಂದು ವಾರ ತಡೆಯಬೇಕೋ ಎಂಬುದನ್ನು ಆ ಪರದೆ ನೋಡಿ ಗೊತ್ತುಮಾಡುತ್ತಾನೆ. ಮಾರುಕಟ್ಟೆಯ ಬಾಗಿಲಿನಿಂದ ಬಂದ ತಂತ್ರಜ್ಞಾನ ಈ ಸೀಮೆಯಲ್ಲಿ ಹೀಗೆ ನೆಲೆಯೂರಿತು. ಶಾಲೆಯ ಬಾಗಿಲಿನಿಂದ ಬಂದದ್ದು ಅಷ್ಟು ಸಲೀಸಾಗಿ ಬೇರುಬಿಟ್ಟಿಲ್ಲ. ಯಾಕೆಂಬುದೇ ಈ ಉಪನ್ಯಾಸದ ವಿಷಯ.

ಶಾಲೆಗೆ ಯಂತ್ರ ತಲುಪಿಸುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಹೋಯಿತು. ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಮಕ್ಕಳು ಬೆಳಿಗ್ಗೆ ಇಪ್ಪತ್ತೆರಡೂವರೆ ನಿಮಿಷ ಕನ್ನಡದಲ್ಲಿ ಅದನ್ನು ನೋಡಿದರು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಹಾರಿತು. ಅದರ ಪಾಠಗಳಿಗೆ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳು ಆಯ್ಕೆಯಾದವು. ಎರಡೂ ದೊಡ್ಡ ಸಾಹಸಗಳೇ, ಅನುಮಾನವಿಲ್ಲ. ಆದರೆ ಪ್ರಸಾರ ಶುರುವಾದ ಮೇಲೆ ಚಿತ್ರ ನಿಲ್ಲಿಸಿ, ಹಿಂದಿನ ಬೆಂಚಿನ ಹುಡುಗಿಗೆ ಅರ್ಥವಾಯಿತೇ ಎಂದು ವಿಚಾರಿಸಿಕೊಂಡು ಮುಂದೆ ಹೋಗುವುದು ಮೇಷ್ಟ್ರ ಕೈಯಲ್ಲಿರಲಿಲ್ಲ. ಯಾವ ಪಾಠಕ್ಕೆ ಯಾವ ಚಿತ್ರ ಬೇಕು ಎಂದು ಆರಿಸುವವರೂ ಅವರಾಗಿರಲಿಲ್ಲ.

ಗಾಳಿ ಬೇರೆ ಕಡೆಯಿಂದ ಬೀಸಿದ್ದು 2011ರಲ್ಲಿ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಆರಂಭಿಸಿದವು. ಗಣಿತದವರು ಜಿಯೋಜೀಬ್ರಾ ಕಲಿತರು. ಅದು ಉಚಿತ ತಂತ್ರಾಂಶ. ತ್ರಿಭುಜದ ಒಂದು ಶೃಂಗ ಹಿಡಿದು ಎಳೆದರೆ ಕೋನಗಳು ಕಣ್ಣೆದುರೇ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಕಪ್ಪುಹಲಗೆಯ ಮೇಲೆ ಹತ್ತು ತ್ರಿಭುಜ ಬರೆದರೂ ಇದನ್ನು ಇಷ್ಟು ಚೆನ್ನಾಗಿ ತೋರಿಸಲಾಗದು. ಮುಂದೆ ಇದೇ ಶಿಕ್ಷಕರು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಜಾಲತಾಣಕ್ಕೆ ತಮ್ಮ ಪಾಠಗಳನ್ನು ಕನ್ನಡದಲ್ಲೇ ಬರೆದು ಸೇರಿಸಿದರು. ಅಲ್ಲಿಯವರೆಗೆ ಬಳಕೆದಾರರಾಗಿದ್ದವರು ಕರ್ತೃಗಳಾದರು. ಎಷ್ಟು ಕೋಟಿ ಖರ್ಚಾಯಿತು ಎನ್ನುವುದಕ್ಕಿಂತ ಈ ಬದಲಾವಣೆ ದೊಡ್ಡದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರೂ ಪಾಠ ಹೇಳುವ ವೃತ್ತಿಯಲ್ಲಿದ್ದುಕೊಂಡೇ ವಿದ್ಯಾರ್ಥಿಗಳಿಗೆಂದು ‘ಕನ್ನಡ ಮಧ್ಯಮ ವ್ಯಾಕರಣ’ ಬರೆದವರು. ತನ್ನ ತರಗತಿಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುವ ಮೇಷ್ಟ್ರು ಈ ನೆಲಕ್ಕೆ ಅಪರಿಚಿತರಲ್ಲ.

ಹಾಗಾದರೆ ಇಂದು ಇಲ್ಲಿನ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ಏನನ್ನು ಕೈಗೆತ್ತಿಕೊಳ್ಳಬಹುದು? ಕಾಗದದಿಂದಲೇ ಶುರುಮಾಡಬಹುದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಜಗತ್ತಿಗೆ ಪರಿಚಯಿಸಿದ ‘ಫೋಲ್ಡ್‌ಸ್ಕೋಪ್’ ಮಡಿಸಿ ಕಟ್ಟುವ ಕಾಗದದ ಸೂಕ್ಷ್ಮದರ್ಶಕ. ಪುಟ್ಟ ಮಸೂರವೊಂದು ವಸ್ತುವನ್ನು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅಯಸ್ಕಾಂತದ ಬಿಲ್ಲೆಯಿಂದ ಮೊಬೈಲಿನ ಕ್ಯಾಮೆರಾಕ್ಕೆ ಅಂಟಿಸಿದರೆ ಇಡೀ ತರಗತಿ ಚಿತ್ರ ನೋಡಬಹುದು. 2015ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇದನ್ನು ಭಾರತದ ಶಾಲೆ, ಕಾಲೇಜುಗಳಿಗೆ ತರಲು ಮುಂದಾಯಿತು.

ಈರುಳ್ಳಿ ಸಿಪ್ಪೆಯ ಜೀವಕೋಶ ಎಲ್ಲ ಪುಸ್ತಕಗಳಲ್ಲೂ ಇದೆ. ತಿಪಟೂರಿನ ಮಗುವಿಗೆ ತೆಂಗಿನಕಾಯಿಯನ್ನು ಕಾಡುವ ನುಸಿಯನ್ನು ತೋರಿಸಬೇಕು. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡು ಕರ್ನಾಟಕದ ತೋಟಗಳಿಗೂ ಹಬ್ಬಿದ ಈ ಪೀಡೆಯನ್ನು ರೈತರು ‘ನುಸಿರೋಗ’ ಎನ್ನುತ್ತಾರೆ. ಉದ್ದ ಮಿಲಿಮೀಟರಿನ ಕಾಲು ಭಾಗದಷ್ಟು, ಬರಿಗಣ್ಣಿಗೆ ಕಾಣದು. ಎಳೆಗಾಯಿಯ ತೊಟ್ಟಿನ ಬುಡದಲ್ಲಿ ಒತ್ತಾಗಿ ಕೂತ ದಳಗಳನ್ನು ಬಿಡಿಸಿ, ಅಡಿಯ ಬಿಳಿ ತ್ರಿಕೋನದ ಮಚ್ಚೆಯನ್ನು ಸೂಜಿಯಿಂದ ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟರೆ, ಹುಳುವಿನಂಥ ಮೈ, ತಲೆಯ ಬಳಿ ಎರಡೇ ಜೊತೆ ಕಾಲುಗಳುಳ್ಳ ಜೀವಿ ಕಾಣುತ್ತದೆ. ಕಾಯಿ ಕಂದುಗಟ್ಟಿ ಬಿರುಕುಬಿಡುವುದನ್ನು, ಗಾತ್ರ ಕುಗ್ಗುವುದನ್ನು ಮಗು ತೋಟದಲ್ಲಿ ಕಂಡಿರುತ್ತದೆ. ಕಾರಣ ಕಣ್ಣಿಗೆ ಬೀಳುವುದು ಆಗ. ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳಲು ಆ ಮಗುವಿನ ಬಳಿ ಗಟ್ಟಿ ಸುದ್ದಿಯೇ ಇರುತ್ತದೆ.

ಗಣಿತಕ್ಕೂ ಸಾಮಗ್ರಿ ಊರಲ್ಲೇ ಇದೆ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2023ರಲ್ಲಿ 11,750 ರೂಪಾಯಿ, 2024ರಲ್ಲಿ 12,000, 2025ರಲ್ಲಿ 12,100. ಪೇಟೆ ಧಾರಣೆ 2023ರಲ್ಲಿ ಅದಕ್ಕಿಂತ ಬಹಳ ಕೆಳಗಿಳಿದಿತ್ತು. 2025ರಲ್ಲಿ ಅದರ ಎರಡು ಪಟ್ಟನ್ನೂ ದಾಟಿತು. ‘ಕೃಷಿ ಮಾರಾಟ ವಾಹಿನಿ’ಯಲ್ಲಿ ಸಿಗುವ ಧಾರಣೆಗಳನ್ನು ಮಕ್ಕಳೇ ಸಂಗ್ರಹಿಸಿ ನಕ್ಷೆ ಬರೆದರೆ, ಸರಾಸರಿ, ಶೇಕಡಾವಾರು, ಏರಿಳಿತ ಇವೆಲ್ಲ ಮನೆಯ ಸಂಗತಿಗಳಾಗುತ್ತವೆ.

ಇನ್ನು ಕೃತಕ ಬುದ್ಧಿಮತ್ತೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ರೂಪಿಸಿದ ‘ಶಿಕ್ಷಾ ಕೋಪೈಲಟ್’ 2023ರಲ್ಲಿ ಬೆಂಗಳೂರು ಸುತ್ತಲಿನ 30 ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಕ್ಕೆ ಬಂತು. ರಾಜ್ಯದ ಪಠ್ಯಕ್ರಮವನ್ನು ಆಧರಿಸಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅದು ಪಾಠಯೋಜನೆ ಸಿದ್ಧಮಾಡಿಕೊಡುತ್ತದೆ. ರಾತ್ರಿ ಕೂತು ಟಿಪ್ಪಣಿ ಬರೆಯುವ ಶಿಕ್ಷಕರಿಗೆ ಇದು ನಿಜವಾದ ಉಪಕಾರ. ಇದನ್ನು ಅನುಮಾನದಿಂದಲೇ ನೋಡಬೇಕಿಲ್ಲ. ಆದರೆ ಆ ಯೋಜನೆ ಬರುವುದು ಪುಸ್ತಕದಿಂದ. ಪಕ್ಕದ ತೋಟದಲ್ಲಿ ಈ ವರ್ಷ ಕಪ್ಪುತಲೆ ಹುಳು ಗರಿ ತಿಂದದ್ದು ಅದಕ್ಕೆ ಗೊತ್ತಿರುವುದಿಲ್ಲ, ಮೇಷ್ಟ್ರಿಗೆ ಗೊತ್ತಿರುತ್ತದೆ. ಯಂತ್ರ ಉಳಿಸಿಕೊಟ್ಟ ಸಮಯದಲ್ಲಿ ಮಕ್ಕಳನ್ನು ಆ ತೋಟಕ್ಕೆ ಕರೆದೊಯ್ದರೆ ಅದರ ಬಳಕೆ ಸಾರ್ಥಕ. ಉಳಿದ ಸಮಯ ಇನ್ನೊಂದು ನಮೂನೆ ತುಂಬುವುದಕ್ಕೇ ಹೋದರೆ ಕೋಪೈಲಟ್ ಇದ್ದೂ ಪ್ರಯೋಜನವಿಲ್ಲ.

ಆದ್ದರಿಂದ ಈ ಸಭೆಯಲ್ಲಿರುವ ಆಡಳಿತ ಮಂಡಳಿಯವರಲ್ಲಿ, ಅಧಿಕಾರಿಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸುವ ಮೊದಲು, ಯಾವ ಪಾಠಕ್ಕೆ ಏನು ಬೇಕೆಂದು ಅಲ್ಲಿನ ಶಿಕ್ಷಕರನ್ನು ಕೇಳಿ. ಹೊಸದನ್ನು ಪ್ರಯೋಗಿಸಿ ನೋಡಲು ವಾರಕ್ಕೊಂದು ಪೀರಿಯಡ್ ಅವರಿಗೆ ಬಿಟ್ಟುಕೊಡಿ. ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಶೈಕ್ಷಣಿಕ ವರ್ಷ ಶುರುವಾಗುವ ಮುನ್ನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ತಾಲ್ಲೂಕುಗಳ ವಿಜ್ಞಾನ ಶಿಕ್ಷಕರನ್ನು ಅಲ್ಲಿನ ವಿಜ್ಞಾನಿಗಳೊಂದಿಗೆ ಒಂದು ದಿನ ಕೂರಿಸಿ. ಮುಂದಿನ ಜೂನ್‌ಗೆ ಇದನ್ನು ಮಾಡಬಹುದು.