ಚಾಕಿ ಹೊರಗಿರಲಿ, ಚಂದ್ರಿಕೆ ಮನೆಯಲ್ಲಿರಲಿ!

(ಯಳಂದೂರು ತಾಲ್ಲೂಕಿನ ಅಗರದಲ್ಲಿ ರಾಜ್ಯೋತ್ಸವದ ಅಂಗವಾಗಿ ಸೇರಿದ್ದ ಸಣ್ಣ ವ್ಯಾಪಾರಿಗಳು, ರೇಷ್ಮೆ ಬೆಳೆಗಾರರು ಮತ್ತು ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆ ಎಂದ ಮೇಲೆ ಗಡಿ, ನದಿ, ನಾಮಫಲಕದ ಮಾತು ಬರುತ್ತದೆ ಎಂದು ನೀವು ಕಾದು ಕುಳಿತಿರಬಹುದು. ಇವತ್ತು ನಾನು ವ್ಯಾಪಾರದ ಮಾತಾಡಲು ಬಂದಿದ್ದೇನೆ. ಕನ್ನಡಿಗನ ಕೈಯಲ್ಲಿ ನಾಲ್ಕು ಕಾಸು, ನಾಲ್ಕು ಜನಕ್ಕೆ ಕೆಲಸ ಕೊಡುವ ಶಕ್ತಿ ಇಲ್ಲದಿದ್ದರೆ ನಾಮಫಲಕದಲ್ಲಿ ಕನ್ನಡ ಇದ್ದು ಮಾಡುವುದೇನು? ಫಲಕ ನಮ್ಮದು, ಅಂಗಡಿ ಇನ್ನೊಬ್ಬರದು ಅಂತ ಆದೀತು!

ಸಭೆಗೆ ಬರುವ ಮೊದಲು ಟೀ ಅಂಗಡಿಯ ಹತ್ತಿರ ಒಬ್ಬ ಹುಡುಗ ನನ್ನನ್ನು ಕೇಳಿದ: "ಅಣ್ಣಾ, ರೇಷ್ಮೆ ಸೀರೆ ವ್ಯಾಪಾರ ಶುರು ಮಾಡಬೇಕು ಅಂತಿದ್ದೀನಿ. ಈಗೆಲ್ಲಾ ಔಟ್‌ಸೋರ್ಸಿಂಗ್ ಕಾಲ. ನೇಯ್ಗೆ ಹೊರಗೆ ಕೊಡ್ತೀನಿ, ಪ್ಯಾಕಿಂಗ್ ಹೊರಗೆ, ಗಿರಾಕಿ ಫೋನಿಗೆ ಉತ್ತರ ಹೇಳೋದೂ ಹೊರಗೆ. ನಾನು ಹೆಸರು ಮಾತ್ರ ಇಟ್ಕೊಂಡ್ರೆ ಸಾಲ್ದಾ?" ಹುಡುಗ ಬುದ್ಧಿವಂತ. ಪ್ರಶ್ನೆಯೂ ಒಳ್ಳೆಯದೇ. ಅವನಿಗೆ ಹೇಳಬೇಕಾದ ಉತ್ತರವನ್ನೇ ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ನಮ್ಮ ಹಿರಿಯರು ಒಂದು ಗಾದೆ ಮಾಡಿಟ್ಟಿದ್ದಾರೆ: ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು. ಈ ಗಾದೆಯಲ್ಲಿ ಅರ್ಧ ಸತ್ಯ ಮಾತ್ರ ಇದೆ ಬಂಧುಗಳೇ. ದುಡಿಯುವ ಆಳನ್ನು ನಾನು ದೂರುವುದಿಲ್ಲ. ಯಾವ ಕೆಲಸ ಕೈಬಿಡಬಹುದು, ಯಾವುದನ್ನು ಕೈಬಿಡಬಾರದು ಎಂದು ತಿಳಿಯದ ಯಜಮಾನನೇ ಹಾಳು ಮಾಡುವವನು!

ಇಲ್ಲಿ ರೇಷ್ಮೆ ಸಾಕಿದ ತಾಯಂದಿರು ಕುಳಿತಿದ್ದೀರಿ. ಈ ಸೀಮೆಯಲ್ಲಿ ರೇಷ್ಮೆ ಹಿಂದಿನಷ್ಟು ಇಲ್ಲ, ನಿಜ. ಆದರೆ ಆ ವಿದ್ಯೆ ಮರೆತಿಲ್ಲ. ಹುಳು ಮರಿಯಾಗಿದ್ದಾಗ ಅದಕ್ಕೆ ಹದವಾದ ಶಾಖ, ತೇವ, ಎಳೆ ಸೊಪ್ಪು, ಚೊಕ್ಕಟವಾದ ಕೋಣೆ ಬೇಕು. ಎಲ್ಲರ ಮನೆಯಲ್ಲೂ ಅದು ಆಗುವುದಿಲ್ಲ. ಅದಕ್ಕೇ ಇಂದು ಬಹಳ ಮಂದಿ ಬೆಳೆಗಾರರು ಎರಡನೇ ಜ್ವರ ಕಳೆಯುವವರೆಗೆ ಹುಳುವನ್ನು ಚಾಕಿ ಕೇಂದ್ರದಲ್ಲಿ ಸಾಕಿಸಿ, ಆಮೇಲೆ ಮನೆಗೆ ತರುತ್ತಾರೆ. ಇದು ಔಟ್‌ಸೋರ್ಸಿಂಗ್ ಅಲ್ಲದೆ ಮತ್ತೇನು? ಇದರಲ್ಲಿ ತಪ್ಪೇನೂ ಇಲ್ಲ. ಚಾಕಿ ಕೇಂದ್ರದವನಿಗೆ ಅದೇ ಕಸುಬು, ನಮಗಿಂತ ಚೆನ್ನಾಗಿ ಮಾಡುತ್ತಾನೆ. ಹುಳು ಮನೆಗೆ ಬಂದಾಗ ಒಂದೇ ಸಮ ಬೆಳೆದಿದೆಯೋ ಇಲ್ಲವೋ ಎಂದು ನಮ್ಮ ಕಣ್ಣಿಗೇ ಕಾಣುತ್ತದೆ.

ಆದರೆ ಹುಳು ಹಣ್ಣಾಗುವ ಹೊತ್ತು? ಹಣ್ಣಾದ ಹುಳುವನ್ನು ಗುರುತಿಸಿ ಚಂದ್ರಿಕೆಗೆ ಬಿಡುವ ಆ ಗಳಿಗೆ? ಕೂಲಿಗೆ ನಾಲ್ಕು ಜನ ಬರಬಹುದು, ಚಂದ್ರಿಕೆಯನ್ನು ಬಾಡಿಗೆಗೆ ತರಬಹುದು. ಆದರೆ "ಈಗ ಎತ್ತಿ" ಎಂದು ಹೇಳುವ ಕಣ್ಣು ಮನೆಯವರದೇ ಆಗಿರಬೇಕು. ಹೊತ್ತು ತಪ್ಪಿದರೆ ತಿಂಗಳ ಶ್ರಮ, ಅಷ್ಟು ಸೊಪ್ಪು, ಅಷ್ಟು ನಿದ್ದೆ ಎಲ್ಲ ನೀರಿಗೆ. ಚಾಕಿ ಹೊರಗೆ ಕೊಟ್ಟವಳೂ ಚಂದ್ರಿಕೆಯ ಹೊತ್ತನ್ನು ಹೊರಗೆ ಕೊಡುವುದಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಕೋಟಿ ಕಳೆದುಕೊಂಡು ಕಲಿತ ಪಾಠ ನಮ್ಮ ತಾಯಂದಿರಿಗೆ ಮೊದಲೇ ಗೊತ್ತಿದೆ!

ಇನ್ನು ನಮ್ಮ ಪಕ್ಕದ ಮೈಸೂರಿಗೆ ಬನ್ನಿ. 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಈ ನಿಗಮ ಏನು ಮಾಡುತ್ತದೆ ನೋಡಿ. ಗೂಡನ್ನು ನಮ್ಮ ಮಾರುಕಟ್ಟೆಗಳಲ್ಲಿ ಕೊಳ್ಳುತ್ತದೆ. ತಿ. ನರಸೀಪುರದ ತನ್ನದೇ ಕಾರ್ಖಾನೆಯಲ್ಲಿ ನೂಲು ಬಿಚ್ಚುತ್ತದೆ. ಮೈಸೂರಿನ ತನ್ನದೇ ಮಗ್ಗಗಳಲ್ಲಿ ನೇಯುತ್ತದೆ. ಪ್ರತಿ ಸೀರೆಗೂ ಒಂದು ಗುರುತಿನ ಸಂಖ್ಯೆ ಹಾಕಿ ತನ್ನದೇ ಮಳಿಗೆಯಲ್ಲಿ ಮಾರುತ್ತದೆ. 2005ರಲ್ಲಿ ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಹಾಗಾದರೆ ನಿಗಮ ಏನನ್ನೂ ಹೊರಗಿನಿಂದ ತರುವುದಿಲ್ಲವೇ? ತರುತ್ತದೆ! ಜರಿ ಸೂರತ್ತಿನಿಂದ ಬರುತ್ತದೆ. ಆದರೆ ಆ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರಬೇಕು ಎಂಬ ಕಟ್ಟುನಿಟ್ಟು ಇದೆ. ಬೆಳ್ಳಿ, ಚಿನ್ನವನ್ನು ಪರೀಕ್ಷೆಗೆ ಹಾಕಿದರೆ ಅಂಕಿ ಹೊರಬೀಳುತ್ತದೆ. ಕಡಿಮೆ ಬಂದರೆ ವಾಪಸ್ ಕಳಿಸಬಹುದು. ಅಳೆಯಲು ಬರುವ ವಸ್ತುವನ್ನು ಹೊರಗಿನಿಂದ ತಂದರೂ ನಡೆಯುತ್ತದೆ. ಆದರೆ ಸೀರೆ ಮೈಮೇಲೆ ನಿಲ್ಲುವ ಆ ಹದ ಇದೆಯಲ್ಲ, ನೂಲಿನಿಂದ ನೇಯ್ಗೆಯವರೆಗೆ ಹತ್ತಾರು ಕೈಗಳಲ್ಲಿ ಕೂಡುತ್ತಾ ಬರುವ ಹದ, ಅದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಅದು ಮನೆಯಲ್ಲೇ ಆಗಬೇಕು.

ಈಚಿನ ವರ್ಷಗಳಲ್ಲಿ ಆ ಮಳಿಗೆಗಳ ಮುಂದೆ ಬೆಳಗಿನ ಜಾವವೇ ಹೆಣ್ಣುಮಕ್ಕಳು ಸಾಲು ನಿಲ್ಲುತ್ತಿರುವ ಸುದ್ದಿ ನೀವು ನೋಡಿದ್ದೀರಿ. ಸೀರೆ ಸಾಲುತ್ತಿಲ್ಲ. ಲೆಕ್ಕ ಮಾತ್ರ ನೋಡುವವನು ಹೇಳಿಯಾನು: ಹೊರಗಿನ ಮಗ್ಗಗಳಲ್ಲಿ ಸಾವಿರಾರು ಸೀರೆ ನೇಯಿಸಿ ಮುದ್ರೆ ಒತ್ತಿಬಿಡಿ, ಸಾಲು ಕರಗುತ್ತದೆ ಎಂದು. ಹೌದು, ಸಾಲು ಕರಗುತ್ತದೆ. ಅದರ ಹಿಂದೆಯೇ ಹೆಸರೂ ಕರಗುತ್ತದೆ! ಹಾಗೆಂದು ಗಿರಾಕಿಯನ್ನು ಬೀದಿಯಲ್ಲಿ ನಿಲ್ಲಿಸುವುದು ಹೆಮ್ಮೆಯ ವಿಷಯ ಎಂದು ನಾನು ಹೇಳುವುದಿಲ್ಲ. ಮಗ್ಗ ಹೆಚ್ಚಿಸಲಿ, ನಮ್ಮ ಹುಡುಗ ಹುಡುಗಿಯರಿಗೆ ನೇಯ್ಗೆ ಕಲಿಸಿ ಕೆಲಸ ಕೊಡಲಿ. ಅದು ನಿಧಾನದ ದಾರಿ, ಆದರೆ ಊರು ಸೇರುವ ದಾರಿ.

"ಅಣ್ಣಾ, ಹೊರಗೆ ಅಗ್ಗ ಅಲ್ವಾ?" ಅಂತೀರಿ. ಬನ್ನಿ, ಒಂದು ಲೆಕ್ಕ ಹಾಕೋಣ. ಇದು ಬರೀ ಉದಾಹರಣೆ. ಹೊರಗೆ ನೇಯಿಸಿದರೆ ಸೀರೆಗೆ 200 ರೂಪಾಯಿ ಉಳಿತಾಯ ಅಂದುಕೊಳ್ಳಿ. 100 ಸೀರೆಗೆ 20,000. ಬಾಯಲ್ಲಿ ನೀರೂರುತ್ತದೆ! ಈಗ ಇನ್ನೊಂದು ಪಕ್ಕ ಬರೆಯಿರಿ. ಐದು ಸೀರೆ ಕೆಟ್ಟು ಬಂದವು; ತಲಾ 3,000ದಂತೆ 15,000. ಲಾರಿ ಬಾಡಿಗೆ 4,000. ಒಂದೊಂದನ್ನೂ ಬಿಡಿಸಿ ನೋಡಲು ಕೂರಿಸಿದವರ ಕೂಲಿ 2,000. ಒಟ್ಟು 21,000. ಉಳಿತಾಯ ಹೋಗಿ ಕೈಯಿಂದಲೇ 1,000 ಹೋಯಿತು. ಮದುವೆ ಮನೆಗೆ ಹೊತ್ತಿಗೆ ಸೀರೆ ಸಿಗದೆ ಬೈದುಕೊಂಡು ಹೋದ ಗಿರಾಕಿಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಹೊರಗಿನ ದರ ಕೇಳುವಾಗ ಈ ಎರಡನೇ ಪಕ್ಕ ಬರೆಯದವನು ವ್ಯಾಪಾರಿಯಲ್ಲ.

ಇನ್ನೊಂದು ಘಟನೆ ನೆನಪು ಮಾಡಿಕೊಡುತ್ತೇನೆ. ಕೋಲಾರ ಜಿಲ್ಲೆಯ ನರಸಾಪುರ. ಆಪಲ್ ಕಂಪನಿ ಐಫೋನ್ ಜೋಡಿಸುವ ಕೆಲಸವನ್ನು ತೈವಾನಿನ ವಿಸ್ಟ್ರಾನ್‌ಗೆ ಕೊಟ್ಟಿತ್ತು. ವಿಸ್ಟ್ರಾನ್ ಕೆಲಸಗಾರರನ್ನು ಒದಗಿಸುವ ಕೆಲಸವನ್ನು ಗುತ್ತಿಗೆ ಏಜೆನ್ಸಿಗಳಿಗೆ ಕೊಟ್ಟಿತ್ತು. ಕೈಯಿಂದ ಕೈಗೆ, ಕೈಯಿಂದ ಕೈಗೆ! ದುಡಿದವನ ಸಂಬಳದ ಲೆಕ್ಕ ನಡುವೆ ಎಲ್ಲೋ ಸಿಕ್ಕಿಕೊಂಡಿತು. 2020ರ ಡಿಸೆಂಬರ್ 12ರ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಗಾಜು ಒಡೆಯಿತು, ವಾಹನಗಳು ಉರಿದವು. ಹಿಂಸೆಯನ್ನು ಯಾರೂ ಒಪ್ಪುವುದಿಲ್ಲ. ಆದರೆ ಸಂಬಳ ಸರಿಯಾಗಿ ಮುಟ್ಟಿಲ್ಲ ಎಂಬುದನ್ನು ಆಮೇಲೆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಆಪಲ್ ತನಿಖೆ ಮಾಡಿಸಿ, ಎಲ್ಲ ಸರಿಹೋಗುವವರೆಗೆ ವಿಸ್ಟ್ರಾನ್‌ಗೆ ಹೊಸ ಕೆಲಸ ಇಲ್ಲ ಎಂದಿತು. ಜಗತ್ತಿನ ಪತ್ರಿಕೆಗಳ ತಲೆಬರಹದಲ್ಲಿ ಯಾರ ಹೆಸರು ಬಂತು? ಏಜೆನ್ಸಿಗಳ ಹೆಸರಲ್ಲ, ಆಪಲ್ ಹೆಸರು! ಕೆಲಸವನ್ನು ಹೊರಗೆ ಕೊಡಬಹುದು, ಕೆಟ್ಟ ಹೆಸರನ್ನು ಹೊರಗೆ ಕೊಡಲಾಗುವುದಿಲ್ಲ.

ನಮ್ಮ ಕಾನೂನು ಕೂಡ ಈ ಪ್ರಶ್ನೆ ಕೇಳಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 10ನೇ ಸೆಕ್ಷನ್, ಒಂದು ಕೆಲಸಕ್ಕೆ ಗುತ್ತಿಗೆ ನಿಷೇಧಿಸುವ ಮುನ್ನ ಆ ಕೆಲಸ ಉದ್ಯಮಕ್ಕೆ ಅಗತ್ಯವೇ, ವರ್ಷವಿಡೀ ನಡೆಯುವಂಥದೇ ಎಂದು ನೋಡಬೇಕು ಎಂದಿತ್ತು. 2020ರ ಹೊಸ ಸಂಹಿತೆಯೂ ಕೆಲವು ವಿನಾಯಿತಿಗಳನ್ನಿಟ್ಟು, ಉದ್ಯಮದ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರು ಕೂಡದು ಎನ್ನುತ್ತದೆ. ಮುಖ್ಯ ಕೆಲಸ ಯಾವುದು ಎಂದು ವಕೀಲರು ವಾದ ಮಾಡಿಕೊಳ್ಳಲಿ. ನಿಮ್ಮ ಅಂಗಡಿಯ ಮುಖ್ಯ ಕೆಲಸ ನಿಮಗೆ ಗೊತ್ತಿರಬೇಕು.

ಈಗ ಮಾತಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹುಡುಗ ಗಿರಾಕಿಯ ಫೋನನ್ನೂ ಹೊರಗೆ ಕೊಡುತ್ತೇನೆ ಎಂದನಲ್ಲ, ಅದಕ್ಕೆ ಉತ್ತರ.

ಬೆಂಗಳೂರಿನಲ್ಲಿ ಡೆಲ್ ಎಂಬ ಕಂಪ್ಯೂಟರ್ ಕಂಪನಿಯ ಕಾಲ್ ಸೆಂಟರ್ ಇತ್ತು. ಅಮೆರಿಕದ ಗಿರಾಕಿಯ ಕಂಪ್ಯೂಟರ್ ಕೆಟ್ಟರೆ ನಮ್ಮ ಮಕ್ಕಳು ಇಲ್ಲಿ ರಾತ್ರಿಯೆಲ್ಲ ಎದ್ದು ಕುಳಿತು ಉತ್ತರ ಹೇಳುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೂ ಉಚ್ಚಾರ ತಿಳಿಯುವುದಿಲ್ಲ, ಬರೆದುಕೊಟ್ಟದ್ದನ್ನು ಓದಿದಂತೆ ಉತ್ತರ ಬರುತ್ತದೆ ಎಂದು ಅಲ್ಲಿನ ಗಿರಾಕಿಗಳು ದೂರಿದರು. 2003ರ ನವೆಂಬರಿನಲ್ಲಿ ಕಂಪನಿ ಏನು ಮಾಡಿತು ಗೊತ್ತೇ? ದೊಡ್ಡ ದೊಡ್ಡ ಸಂಸ್ಥೆಗಳ ಕರೆಗಳನ್ನು ಬೆಂಗಳೂರಿನಿಂದ ತೆಗೆದು ವಾಪಸ್ ಅಮೆರಿಕಕ್ಕೆ ಕೊಂಡೊಯ್ದಿತು. ಮನೆಬಳಕೆಯ ಗಿರಾಕಿಗಳ ಕರೆಗಳನ್ನು ಇಲ್ಲೇ ಬಿಟ್ಟಿತು. ಕೈತಪ್ಪಿದರೆ ಹೆಚ್ಚು ನಷ್ಟ ಕೊಡುವ ಗಿರಾಕಿ ಯಾರೋ ಅವನಿಗೆ ಅವನ ಊರಿನ ಮಾತು ಕೊಟ್ಟಿತು. ನಮ್ಮ ಮಕ್ಕಳಿಗೆ ಇದರಿಂದ ನೋವಾದೀತು, ನನಗೂ ಆಗುತ್ತದೆ. ಆದರೆ ಪಾಠ ಪಾಠವೇ!

ಅಮೆರಿಕದ ಗಿರಾಕಿ ಇಂಗ್ಲಿಷಿನ ಉಚ್ಚಾರಕ್ಕೇ ದೂರು ಕೊಟ್ಟ. ನಾವು? ನಮ್ಮ ಸೋದರತ್ತೆಯ ಖಾತೆಯಲ್ಲಿ ಒಮ್ಮೆ ಹಣ ಕಡಿತವಾಯಿತು. ಯಾವ ಬ್ಯಾಂಕ್ ಎಂದು ಹೇಳುವುದು ಬೇಡ. ಶಾಖೆಗೆ ಹೋದರೆ ಈ ನಂಬರಿಗೆ ಫೋನ್ ಮಾಡಿ ಎಂದರು. ಫೋನಿನಲ್ಲಿ ಸಿಕ್ಕವರಿಗೆ ಕನ್ನಡ ಬಾರದು, ಅತ್ತೆಗೆ ಬೇರೆ ಮಾತು ಬಾರದು. ಮೂರು ಸಲ ಫೋನಿಟ್ಟರು. ನಾಲ್ಕನೇ ಸಲ ಅತ್ತೆಯೇ ಫೋನಿಟ್ಟು, ಇದ್ದ ದುಡ್ಡನ್ನೆಲ್ಲ ತೆಗೆದು ಸಹಕಾರ ಸಂಘದಲ್ಲಿ ಹಾಕಿದರು. ಆ ಬ್ಯಾಂಕಿಗೆ ಅತ್ತೆ ಹೋದದ್ದೂ ಗೊತ್ತಿಲ್ಲ, ಏಕೆ ಹೋದರು ಎಂಬುದೂ ಗೊತ್ತಿಲ್ಲ. ಫೋನ್ ಎತ್ತಿದವನು ಅವರ ನೌಕರನಲ್ಲ. ಎಷ್ಟು ಕರೆ ಮುಗಿಸಿದೆ ಎಂಬುದಷ್ಟೇ ಅವನ ಲೆಕ್ಕ. ಗಿರಾಕಿಯ ದೂರು ಎಂದರೆ ವ್ಯಾಪಾರಿಗೆ ಸಿಗುವ ಪುಕ್ಕಟೆ ಬುದ್ಧಿಮಾತು. ಅದನ್ನು ಕೇಳುವ ಕಿವಿಯನ್ನೇ ಬಾಡಿಗೆಗೆ ಕೊಟ್ಟರೆ ಹೇಗೆ?

ಪಕ್ಕದ ಕೊಳ್ಳೇಗಾಲದ ಹಿರಿಯರನ್ನು ಕೇಳಿ. 1956ರ ನವೆಂಬರ್ 1ರವರೆಗೆ ಆ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ಕೆಲಸದ ತೀರ್ಮಾನ ದೂರದಲ್ಲಿ, ಇನ್ನೊಂದು ಮಾತಿನಲ್ಲಿ ಆದರೆ ಹೇಗಿರುತ್ತದೆ ಎಂಬುದು ಆ ಮನೆಗಳಲ್ಲಿ ಇನ್ನೂ ಮಾತಾಗಿ ಉಳಿದಿದೆ. ಅಂದು ಗಡಿ ದೂರ ಮಾಡಿತ್ತು. ಇಂದು ನಮ್ಮ ಗಿರಾಕಿಯನ್ನು ನಾವೇ ದೂರ ಮಾಡಬೇಕೇ?

ಆದ್ದರಿಂದ ಯುವಮಿತ್ರನೇ, ಯಾವ ಕೆಲಸವನ್ನಾದರೂ ಹೊರಗೆ ಕೊಡುವ ಮುನ್ನ ನಿನ್ನನ್ನೇ ನಾಲ್ಕು ಪ್ರಶ್ನೆ ಕೇಳಿಕೋ.

ಒಂದು: ಗಿರಾಕಿ ನನ್ನ ಬಾಗಿಲಿಗೆ ಬರುವುದು ಈ ಕೆಲಸಕ್ಕಾಗಿಯೇ? ಹೌದಾದರೆ ಕೊಡಬೇಡ.

ಎರಡು: ಹೊರಗಿನವನು ಮಾಡಿಕೊಟ್ಟದ್ದು ಸರಿಯೋ ತಪ್ಪೋ ಎಂದು ನಾನು ಅಳೆಯಬಲ್ಲೆನೇ? ಅಳೆಯಲು ಬರದಿದ್ದರೆ ಕೊಡಬೇಡ.

ಮೂರು: ನಾಳೆ ಅವನು ಕೈಬಿಟ್ಟರೆ ಅಥವಾ ದರ ಏರಿಸಿದರೆ ಈ ಕೆಲಸವನ್ನು ನಾನೇ ಮಾಡಬಲ್ಲೆನೇ, ಬೇರೆಯವರಿಂದ ಮಾಡಿಸಬಲ್ಲೆನೇ? ಎರಡೂ ಆಗದಿದ್ದರೆ ಕೊಡಬೇಡ. ಕೈ ಮರೆತ ವಿದ್ಯೆ ಸುಲಭವಾಗಿ ವಾಪಸ್ ಬರುವುದಿಲ್ಲ.

ನಾಲ್ಕು: ಈ ಕೆಲಸದಲ್ಲಿ ನನ್ನ ಗಿರಾಕಿಯ ಜೊತೆ ಮಾತಿದೆಯೇ? ಇದ್ದರೆ ಆ ಮಾತು ಅವರ ಮಾತಾಗಿರಬೇಕು, ಆಡುವವರು ನಿನ್ನವರಾಗಿರಬೇಕು.

ಈ ನಾಲ್ಕೂ ದಾಟಿದ ಕೆಲಸವನ್ನು ಧಾರಾಳವಾಗಿ ಹೊರಗೆ ಕೊಡು. ಲೆಕ್ಕಪತ್ರ ಆಡಿಟರಿಗೆ, ಸಾಗಣೆ ಲಾರಿಯವರಿಗೆ, ಡಬ್ಬಿ ಅಚ್ಚು ಹಾಕುವವನಿಗೆ ಕೊಡು. ಎಲ್ಲವನ್ನೂ ತಾನೇ ಮಾಡುತ್ತೇನೆ ಎನ್ನುವವನು ರಾತ್ರಿ ಹಗಲು ದುಡಿದೂ ಮುಂದೆ ಬರಲಾರ. ಆದರೆ ಹೊರಗೆ ಕೊಡುವಾಗಲೂ ಮೊದಲು ಯಳಂದೂರು, ಕೊಳ್ಳೇಗಾಲ, ಹನೂರು, ಚಾಮರಾಜನಗರದ ಕಡೆ ಒಮ್ಮೆ ನೋಡು. ತಪ್ಪಾದರೆ ಬಸ್ಸು ಹತ್ತಿ ಹೋಗಿ ಮುಖ ನೋಡಿ ಕೇಳಬಹುದು, ಕನ್ನಡದಲ್ಲೇ ಕೇಳಬಹುದು. ಅದೂ ಒಂದು ಲಾಭವೇ.

ಹೆಸರು ಮಾತ್ರ ಇಟ್ಟುಕೊಂಡರೆ ಸಾಲದೇ ಎಂದೆಯಲ್ಲ ತಮ್ಮಾ, ಸಾಲದು. ಹೆಸರು ಅಂಗಡಿಯ ಫಲಕದಲ್ಲಿ ಇರುವುದಿಲ್ಲ, ಕೆಲಸದಲ್ಲಿ ಇರುತ್ತದೆ. ಒಂದೇ ಮಗ್ಗದಿಂದ ಶುರು ಮಾಡು. ಅಗರದ ಹೆಸರು ಹಾಕಿ ಸೀರೆ ಮಾರುವ ದಿನ, ಗಿರಾಕಿ ಫೋನ್ ಮಾಡಿದರೆ ನೀನೇ ಎತ್ತು. "ಹೇಳಿ ಅಮ್ಮಾ" ಅನ್ನು. ಮೊದಲ ಸೀರೆ ಕೊಳ್ಳಲು ನಾನೇ ಬರುತ್ತೇನೆ!

ಸಿರಿಗನ್ನಡಂ ಗೆಲ್ಗೆ!