ಕಾಯಕದೃಷ್ಟಿಯಲ್ಲಿ ಗಣಕಜಾಲವಿದ್ಯೆ

ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡವು ತುಂಬಿ ಹರಿದ ನೀರು ಅಕ್ಕತಂಗಿಯರ ಹೊಂಡವನ್ನು ಸೇರುವುದನ್ನು ತಾವೆಲ್ಲರೂ ಬಲ್ಲಿರಿ. ನಡುವಣ ದಾರಿಯಲ್ಲಿ ಹೂಳು ತುಂಬಿದರೆ ಕೆಳಗಣ ಹೊಂಡವು ಬರಿದಾಗುವುದು. ಗಣಕಜಾಲದ ಸ್ಥಿತಿಯೂ ಇಂತಹುದೇ. 1980ರಲ್ಲಿ ಸ್ಥಾಪಿತವಾದ ಇಲ್ಲಿನ ಎಸ್.ಜೆ.ಎಂ. ತಾಂತ್ರಿಕ ಮಹಾವಿದ್ಯಾಲಯವೇ ಮೊದಲಾದೆಡೆಗಳಲ್ಲಿ ಓದುವ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಕ್ಕಳು, ಸಂದೇಶವು ತುಣುಕುತುಣುಕಾಗಿ ಸಾಗಿ ಗುರಿಯಲ್ಲಿ ಮರಳಿ ಕೂಡುವ ಕ್ರಮವನ್ನು ಅರಿಯುತ್ತಾರೆ. ಎಂಟು ಎಳೆಗಳ ತಾಮ್ರದ ತಂತಿಯು 100 ಮೀಟರು ಮೀರಬಾರದೆಂಬುದನ್ನೂ, ದೋಷವನ್ನು ತಂತಿಯಿಂದಲೇ ಹುಡುಕತೊಡಗಬೇಕೆಂಬುದನ್ನೂ ಕಲಿಯುತ್ತಾರೆ. ಕೆಲವರು ಇದನ್ನು ಬರಿಯ ರಿಪೇರಿಯ ಕೆಲಸವೆಂದು ಹಗುರಾಗಿ ಎಣಿಸುವರು. ಅದು ಸಲ್ಲದು. ನ್ಯಾಯಬೆಲೆಯ ಅಂಗಡಿಯಲ್ಲಿ ಜಾಲವು ನಿಂತರೆ ಬಡವನ ಅಕ್ಕಿಯೂ ನಿಲ್ಲುವುದು. ಆ ಗಳಿಗೆಯಲ್ಲಿ ಅರಿಯದವನನ್ನು ಹಳಿಯದೆ, ಸಮಾಧಾನದಿಂದ ಕೇಳಿ, ದೋಷವನ್ನು ಕಳೆಯುವುದೇ ಕಾಯಕ; ಅರಿತುದನ್ನು ಅವನಿಗೂ ತಿಳಿಸುವುದೇ ದಾಸೋಹ.