ಚಾರ್ಜ್ ಕೊಟ್ಟು ಹೊರಡುವಾಗ



ಚೆನ್ನೈನ ಪುರಸೈವಾಕ್ಕಂ ಹತ್ತಿರ, ಪೂನಮಲ್ಲಿ ಹೈರೋಡಿನಲ್ಲಿ ದಾಸಪ್ರಕಾಶ್ ಎಂಬ ಬಸ್ ಸ್ಟಾಪ್ ಇದೆ. ಉಡುಪಿ ಕಡೆಯಿಂದ ಬಂದ ಸೀತಾರಾಮ ರಾಯರು 1950ರ ದಶಕದಲ್ಲಿ ಅಲ್ಲಿ ಕಟ್ಟಿಸಿದ ಹೋಟೆಲಿನ ಹೆಸರು ಅದು. ಹೋಟೆಲು ಈಗಿಲ್ಲ, ಸ್ಟಾಪಿನ ಹೆಸರು ಮಾತ್ರ ಹೋಗಿಲ್ಲ. ಹೀಗೆ ಹೆಸರು ಉಳಿಯುವ ಭಾಗ್ಯ ಎಲ್ಲೋ ಒಬ್ಬಿಬ್ಬರಿಗೆ. ನಮ್ಮ ನಿಮ್ಮಂಥ ನೌಕರರು ವರ್ಗವಾಗಿ ಹೊರಟರೆ ಮಾರನೆಯ ದಿನವೇ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಬೇಸರಪಡುವುದಕ್ಕೆ ಅದರಲ್ಲಿ ಏನೂ ಇಲ್ಲ. ನಾವು ಬಂದ ದಿನವೂ ಯಾರೋ ಎದ್ದು ಹೋಗಿದ್ದರು.

ಪುರಸೈವಾಕ್ಕಂ ಹೈರೋಡಿನ ಒಂದು ಬ್ಯಾಂಕಿನ ಶಾಖೆಯಲ್ಲಿ ನಾನು ಕೆಲವು ವರ್ಷ ಇದ್ದೆ. ಸುತ್ತ ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಪಾತ್ರೆ ಅಂಗಡಿ. ನಮ್ಮಲ್ಲಿ ಆಷಾಢ ಎಂದರೆ ವ್ಯಾಪಾರ ತಣ್ಣಗೆ. ಅಲ್ಲಿ ಆಡಿ ತಿಂಗಳ ರಿಯಾಯಿತಿ ಶುರುವಾದರೆ ಫುಟ್‌ಪಾತಿನಲ್ಲಿ ಕಾಲಿಡಲು ಜಾಗವಿಲ್ಲ, ಕ್ಯಾಶ್ ಕೌಂಟರಿನವರಿಗೆ ಊಟಕ್ಕೆ ಹೊತ್ತಿಲ್ಲ. ತಿಂಗಳ ಮೊದಲ ವಾರ ಪಿಂಚಣಿದಾರರದು. ಹೆಚ್ಚಿನವರು ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ದುಡಿದವರು. 1955ರಲ್ಲಿ ನೆಹರೂ ಉದ್ಘಾಟಿಸಿದ ಆ ಕಾರ್ಖಾನೆಯ ಬಗ್ಗೆ ನಿನ್ನೆ ಮೊನ್ನೆ ಬಿಟ್ಟು ಬಂದವರ ಹಾಗೆ ಮಾತಾಡುತ್ತಿದ್ದರು. ಕೆಲಸ ಬಿಟ್ಟರೂ ಕೆಲಸದ ಜಾಗ ಮನುಷ್ಯನನ್ನು ಬಿಡುವುದಿಲ್ಲ ಎಂಬುದನ್ನು ನಾನು ಕೌಂಟರಿನ ಈಚೆಯಿಂದ ಕಂಡದ್ದು ಹೀಗೆ.

ನಮ್ಮ ಕರಾವಳಿಯ ಬ್ಯಾಂಕುಗಳವರಿಗೆ ವಿದಾಯ ಇನ್ನೊಂದು ಬಗೆಯಲ್ಲೂ ಬಂತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ಉಳಿತಾಯ ಯೋಜನೆ ಶುರು ಮಾಡಿತು. ಏಜೆಂಟರು ದಿನವೂ ಬಾಗಿಲಿಗೆ ಬಂದು ಎರಡಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದ ಕಾಲ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಅದರ ಹಿಂದಿನ ವರ್ಷವೇ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ. 2020ರ ಏಪ್ರಿಲ್ ಅಂದರೆ ಲಾಕ್‌ಡೌನ್. ನಾಲ್ಕು ಜನ ಒಟ್ಟಿಗೆ ಕೂತು ಕಾಫಿ ಕುಡಿಯುವ ಹಾಗಿಲ್ಲ, ಹಾರ ತರೋಣವೆಂದರೆ ಹೂವಿನಂಗಡಿಯೂ ಇಲ್ಲ. ಮೇಜು ಅದೇ, ಲೆಡ್ಜರು ಅದೇ, ಬೋರ್ಡು ಬೇರೆ. ಆಮೇಲೆ ಒಂದೇ ಬೀದಿಗೆ ಎರಡು ಶಾಖೆ ಯಾಕೆಂದು ಎಷ್ಟೋ ಕಡೆ ಒಂದನ್ನು ಮುಚ್ಚಿದರು. ಆಗ ಗ್ರಾಹಕರು ಕೇಳಿದ್ದು ಬ್ಯಾಂಕಿನ ಇತಿಹಾಸವನ್ನಲ್ಲ. ‘ಪಾಸ್‌ಬುಕ್ ನಡೆಯುತ್ತಾ? ನೀವು ಇರ್ತೀರಾ?’ ಅಂತ, ಅಷ್ಟೇ.

ಈ ಎರಡನೆಯ ಪ್ರಶ್ನೆಗೆ ಚಾರ್ಜ್ ಪಟ್ಟಿಯಲ್ಲಿ ಜಾಗವಿಲ್ಲ. ಚಾರ್ಜ್ ಕೊಡುವುದೆಂದರೆ ನಮ್ಮಲ್ಲಿ ಬಲು ಕಟ್ಟುನಿಟ್ಟು. ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಇಬ್ಬರ ವಶದಲ್ಲಿ; ಇಬ್ಬರೂ ಸೇರದೆ ಬಾಗಿಲು ತೆರೆಯದು. ಹೊರಡುವವರು ನಗದು ಎಣಿಸಿ ಒಪ್ಪಿಸಬೇಕು. ಅಡವಿಟ್ಟ ಒಡವೆಗಳ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು, ಸೀಲು ನೋಡಿ, ರಿಜಿಸ್ಟರಿನ ನಂಬರಿಗೆ ತಾಳೆ ಹಾಕಬೇಕು. ಕೊನೆಗೆ ಬೀಗದ ಕೈಯ ರಿಜಿಸ್ಟರಿನಲ್ಲಿ ಕೊಟ್ಟವರ ಸಹಿ, ಪಡೆದವರ ಸಹಿ. ಆ ಗಳಿಗೆಯಿಂದ ನಾವು ಆ ಕೋಣೆಗೆ ಹೊರಗಿನವರು. ನಿನ್ನೆಯವರೆಗೆ ಸೊಂಟದಲ್ಲಿದ್ದ ಭಾರ ಇಳಿದಾಗ ಹಗುರವೂ ಅನಿಸುತ್ತದೆ, ಒಳಗೆ ಸಣ್ಣಗೆ ಚುರುಕ್ ಎಂದೂ ಅನಿಸುತ್ತದೆ.

ಆದರೆ ರಿಜಿಸ್ಟರಿಗೆ ಸಿಗದ್ದು ಎಷ್ಟೊಂದು! ಬೆರಳು ನಡುಗುವ ಆ ಪಿಂಚಣಿದಾರರ ಸಹಿ ಹೊಂದಿಕೆಯಾಗುವುದಿಲ್ಲ, ಗದರಬೇಡಿ, ಕೂರಿಸಿ ಇನ್ನೊಮ್ಮೆ ಹಾಕಿಸಿ. ಜೂನಿನಲ್ಲಿ ಬಳೆ ಅಡವಿಡಲು ಬರುವ ತಾಯಿ ಮಕ್ಕಳ ಶಾಲೆಯ ಫೀಸಿಗಾಗಿ ಬರುತ್ತಾರೆ, ನಾಲ್ಕು ಜನರೆದುರು ಗಟ್ಟಿಯಾಗಿ ಕಾರಣ ಕೇಳಬೇಡಿ. ನವೆಂಬರಿನಲ್ಲಿ ಬದುಕಿರುವ ಪ್ರಮಾಣಪತ್ರ ಕೊಡಲು ಬರಲಾಗದ ಒಬ್ಬರಿದ್ದಾರೆ, ಮನೆಗೆ ಹೋಗಿಬರಬೇಕು. ಇದನ್ನೆಲ್ಲ ಬರುವವರಿಗೆ ಬಾಯಿಬಿಟ್ಟು ಹೇಳದೆ ಹೊರಟರೆ ಚಾರ್ಜ್ ಅರ್ಧವೇ ಕೊಟ್ಟ ಹಾಗೆ ಎಂಬುದು ನನ್ನ ಅಭಿಪ್ರಾಯ. ಎಷ್ಟೋ ಮಂದಿ ಬೇಕೆಂದೇ ಹೇಳುವುದಿಲ್ಲ. ‘ನಾನಿಲ್ಲದೆ ಇವರು ಪರದಾಡಲಿ, ಆಗ ನನ್ನ ಬೆಲೆ ಗೊತ್ತಾಗಲಿ’ ಎಂಬ ಸಣ್ಣತನ ಬೀಳ್ಕೊಡುಗೆಯ ಶಾಲಿನಡಿ ಬೆಚ್ಚಗೆ ಕೂತಿರುತ್ತದೆ.

ಶಾಲು ಎಂದಾಗ ನೆನಪಾಯಿತು. ಆಫೀಸರಿಗೆ ಹಾರ, ಗ್ರೂಪ್ ಫೋಟೋ, ಕೇಸರಿಭಾತು. ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವನ ಕಂತ್ರಾಟು ಮುಗಿದರೆ? ಒಂದು ಬೆಳಿಗ್ಗೆ ಬೇರೆ ಮುಖ ಬಂದಿರುತ್ತದೆ, ಅಷ್ಟೇ. ಅವನೂ ಇದೇ ಜಾಗದಲ್ಲಿ ವರ್ಷಗಟ್ಟಲೆ ನಿಂತವನು, ನಮ್ಮ ಮಕ್ಕಳ ಹೆಸರೂ ಬಲ್ಲವನು. ನೀವು ಇವತ್ತು ಎಲ್ಲಿಂದಾದರೂ ಹೊರಡುವವರಿದ್ದರೆ ಫೋಟೋದಲ್ಲಿ ಇಲ್ಲದವರ ಹತ್ತಿರ ಮೊದಲು ಹೋಗಿ ಬನ್ನಿ.

ಇಂಥ ಚಿಂತನಗಳಲ್ಲಿ ವಿಶ್ವೇಶ್ವರಯ್ಯನವರು ಸರ್ಕಾರಿ ಕಾರಿನಲ್ಲಿ ಹೋಗಿ ರಾಜೀನಾಮೆ ಕೊಟ್ಟು, ಸ್ವಂತ ಕಾರಿನಲ್ಲಿ ವಾಪಸಾದ ಕಥೆ ಬಂದೇ ಬರುತ್ತದೆ. ನಿಮಗೆಲ್ಲ ಬಾಯಿಪಾಠ, ಬಿಡಿ. ನನಗೆ ಬೀಳ್ಕೊಡುವವರ ಕಡೆಯ ಒಂದು ಸಂಗತಿ ಇಷ್ಟ. ಕಡಂದಲೆಯ ಕೃಷ್ಣರಾಯರು ಮುಂದೆ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದವರು. ಅದಕ್ಕೆ ಮೊದಲು ಜಾರ್ಜ್ ಟೌನಿನ ಹೋಟೆಲಿನಲ್ಲಿ ಕೂಲಿಯಾಳು. ಯಜಮಾನರು ಅವರನ್ನು ಕೆಲಸಗಾರನಾಗಿಯೇ ಹಿಡಿದಿಟ್ಟುಕೊಳ್ಳಲಿಲ್ಲ. ಆಚಾರಪ್ಪನ್ ಬೀದಿಯ ತಮ್ಮ ಹೋಟೆಲನ್ನೇ ಕಂತಿನ ಮೇಲೆ ಬಿಟ್ಟುಕೊಟ್ಟರು. ಚೆನ್ನಾಗಿ ದುಡಿಯುವ ಆಳು ಕೈಬಿಟ್ಟು ಹೋಗುತ್ತಾನೆಂದು ಗೊತ್ತಿದ್ದೂ ದಾರಿ ಮಾಡಿಕೊಡುವುದು ಸುಲಭವಲ್ಲ. ಒಳ್ಳೆಯ ಗುಮಾಸ್ತನ ವರ್ಗಾವಣೆಗೆ ಅಡ್ಡಗಾಲು ಹಾಕುವ ಮ್ಯಾನೇಜರುಗಳನ್ನು ನೀವೂ ಕಂಡಿರುತ್ತೀರಿ, ನಾನೂ ಕಂಡಿದ್ದೇನೆ.

ಹೊರಟ ಮೇಲಿನದೂ ಒಂದು ಪರೀಕ್ಷೆ. ಹಳೆಯ ಶಾಖೆ ಬಿಟ್ಟು ಶಿವಮೊಗ್ಗಕ್ಕೆ ಬಂದು ಕೂತರೂ ಅಲ್ಲಿಗೆ ಫೋನು ಹಚ್ಚಲು ಕೈ ತುರಿಸುತ್ತದೆ: ಆಡಿಟ್ ಹೇಗಾಯ್ತು, ಆ ಸಾಲದ ಫೈಲು ಏನಾಯ್ತು? ವಿಚಾರಿಸುವ ನೆಪದಲ್ಲಿ ನಾವು ಕೇಳಿಸಿಕೊಳ್ಳಲು ಬಯಸುವುದು ‘ನೀವಿಲ್ಲದೆ ಕಷ್ಟ ಸಾರ್’ ಎಂಬ ಒಂದೇ ಮಾತು. ನಾನು ಹಚ್ಚಲಿಲ್ಲ. ಕೊನೆಗೆ ನನ್ನ ಜಾಗಕ್ಕೆ ಬಂದ ಹುಡುಗಿಯೇ ಫೋನು ಮಾಡಿದಳು. ಯಾವುದೋ ಹಳೆಯ ವೋಚರ್ ಕಟ್ಟು ಸಿಗುತ್ತಿಲ್ಲವಂತೆ. ನನಗೆ ಜಾಗ ಗೊತ್ತಿತ್ತು, ಹೇಳಬಹುದಿತ್ತು. ‘ಕಸ ಗುಡಿಸಲು ಬರುವ ಅಕ್ಕನನ್ನು ಕೇಳಮ್ಮ, ಆ ಶಾಖೆಯಲ್ಲಿ ನನಗಿಂತ ಹಳಬರು ಅವರು’ ಎಂದೆ. ಐದು ನಿಮಿಷಕ್ಕೆ ಮೆಸೇಜ್ ಬಂತು: ಸಿಕ್ಕಿತು ಸಾರ್, ಅಕ್ಕ ಇನ್ನೂ ಎರಡು ಕಟ್ಟು ತೋರಿಸಿದರು, ಪಟ್ಟಿಯಲ್ಲೇ ಇರಲಿಲ್ಲ.